ಮೈಯ ಅಹವಾಲು

ಬೆಟ್ಟದ ಊರುಗಳಲ್ಲಿ ಆರೋಗ್ಯದ ಮಾತು ಮೊಣಕಾಲಿನಿಂದ ಶುರುವಾಗುತ್ತದೆ. ಮನೆ ಒಂದು ಮಟ್ಟ, ತೋಟ ಅದಕ್ಕಿಂತ ಕೆಳಗೆ, ಬಸ್ಸು ನಿಲ್ಲುವ ರಸ್ತೆ ಇನ್ನೆಲ್ಲೋ ಮೇಲೆ. ದಿನವೆಲ್ಲ ಹತ್ತಿ ಇಳಿಯುವವರ ಬಾಯಲ್ಲಿ ಕೀಲುನೋವಿನ ಮಾತು ಬರದೆ ಇನ್ನೇನು ಬಂದೀತು? ನೀಲಗಿರಿಯ ಕಟ್ಟಬೆಟ್ಟಿನಲ್ಲಿ ಬಸ್ಸಿಗೆ ಕಾಯುತ್ತ ನಿಂತರೆ ಇದೇ ಕಿವಿಗೆ ಬೀಳುತ್ತದೆ. ಕೂನೂರಿನಿಂದ ಬರುವ ರಸ್ತೆಯೂ ಊಟಿಯಿಂದ ದೊಡ್ಡಬೆಟ್ಟದ ಬಗಲು ಹಿಡಿದು ಇಳಿಯುವ ರಸ್ತೆಯೂ ಕೂಡಿ ಕೋಟಗಿರಿಗೆ ಹೋಗುವ ಜಾಗ ಅದು. ಸುತ್ತ ಚಹಾ ತೋಟ, ಅಲ್ಲಲ್ಲಿ ಉಳಿದ ಶೋಲಾ ಕಾಡು, ಬಡಗರ ಹಟ್ಟಿಗಳು. ಮೊಣಕಾಲಿನಿಂದ ಹೊರಟ ಮಾತು ಸೊಂಟಕ್ಕೆ ಹೋಗುತ್ತದೆ, ಅಲ್ಲಿಂದ ಗ್ಯಾಸ್ಟ್ರಿಕ್ಕು, ಆಮೇಲೆ ತಲೆಸುತ್ತು, ರಾತ್ರಿ ನಿದ್ದೆ ಬಾರದ್ದು. ಬಸ್ಸು ಇನ್ನೂ ತಡವಾದರೆ ಹಸಿ ಎಲೆಯ ಬೆಲೆ ಬಿದ್ದದ್ದು, ಬ್ಯಾಂಕಿನ ಸಾಲ, ಕೊಯಮತ್ತೂರಿಗೆ ಹೋದ ಮಗ ಫೋನು ಮಾಡದೆ ಇರುವುದು. ಸಾಲದ ಮಾತು ಮೊದಲು ಬಂದು ಮೊಣಕಾಲು ಆಮೇಲೆ ಬಂದದ್ದನ್ನು ನಾನು ಕೇಳಿಲ್ಲ.

ಈ ಕಡೆ ನನಗೊಂದು ಬಡಗ ಮನೆಯ ಸ್ನೇಹವಿದೆ. ಆ ಮನೆಯ ಅಜ್ಜಿಯನ್ನು ಎಲ್ಲರಂತೆ ನಾನೂ ಹೆತ್ತೆ ಎಂದೇ ಕರೆಯುತ್ತೇನೆ. ಅವರದು ಬಡಗ, ನನ್ನದು ಮೈಸೂರು ಕಡೆಯ ಕನ್ನಡ. ಇಬ್ಬರೂ ನಿಧಾನವಾಗಿ ಮಾತಾಡಿದರೆ ನಡುವೆ ಯಾರೂ ಬೇಕಾಗುವುದಿಲ್ಲ. ಗಂಡ ತೀರಿಕೊಂಡ ಮೇಲೆ ಹೆತ್ತೆಗೆ ರಾತ್ರಿಯ ಹೊತ್ತು ಎದೆ ಭಾರವಾಗತೊಡಗಿತು. ಇಸಿಜಿ ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು, ಎಲ್ಲ ಸರಿಯಾಗಿಯೇ ಇತ್ತು. ನೋಡಿದ ಡಾಕ್ಟರು, ನಿಮಗೆ ಏನೂ ಇಲ್ಲ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ ಎಂದು ಕಳಿಸಿದರಂತೆ. ಹೆತ್ತೆ ಅದನ್ನು ನನಗೆ ಹೇಳಿ, ಏನೂ ಇಲ್ಲದಿದ್ದರೆ ರಾತ್ರಿ ನನ್ನ ಎದೆಯ ಮೇಲೆ ಕೂರುವುದು ಯಾರು ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಬೇಕೆಂದೇ ಕೇಳಿದ್ದರು. ನನಗೆ ಅದು ಬಹಳ ನ್ಯಾಯವಾದ ಪ್ರಶ್ನೆ ಎಂದು ತೋರಿತು, ಈಗಲೂ ಹಾಗೇ ತೋರುತ್ತದೆ.

ನಮ್ಮ ಊರುಗಳಲ್ಲಿ ದುಃಖ ಮೈಯಲ್ಲಿ ಕಾಣಿಸಿಕೊಳ್ಳುವುದು ಹೊಸ ಸಂಗತಿಯಲ್ಲ. 1970ರ ದಶಕದಲ್ಲಿ ಜಿ. ಮಾರಿಸ್ ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ನಮ್ಮ ಕರಾವಳಿಯ ಕೋಟದಲ್ಲಿ ಮನೆಮನೆಗೂ ಹೋಗಿ ಜನರ ಸಂಕಟಗಳನ್ನು ವಿಚಾರಿಸಿದರು. ಬ್ರಾಹ್ಮಣರು, ಬಂಟರು, ಮೊಗವೀರರು ಹೀಗೆ ಮೂರು ಸಮುದಾಯಗಳು. 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕ ಬಂತು. ಅಲ್ಲಿಯ ಜನ ವೈದ್ಯರ ಹತ್ತಿರವೂ ಹೋಗುತ್ತಿದ್ದರು, ಮಂತ್ರವಾದಿಯ ಹತ್ತಿರವೂ, ಮೈಮೇಲೆ ದೈವ ಬರುವ ಪಾತ್ರಿಯ ಹತ್ತಿರವೂ. ಕಪೂರರು ಇದನ್ನು ಮೂಢನಂಬಿಕೆ ಎಂದು ತಳ್ಳಲಿಲ್ಲ. ಜನ ತಮ್ಮ ಕಷ್ಟವನ್ನು ಎಲ್ಲಿ ಇಳಿಸುತ್ತಾರೆ ಎಂದು ಮೊದಲು ತಿಳಿಯದೆ ಚಿಕಿತ್ಸೆಯ ಏರ್ಪಾಡು ಮಾಡಲಾಗದು ಎಂಬುದು ಅವರ ನಿಲುವು. ಅದೇ ಕಾಲದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಆ ಕೆಲಸ ಬೆಳೆಯಿತು. ಮೈಕೈ ನೋವು, ಸುಸ್ತು, ಉರಿ ಎಂದು ಮತ್ತೆ ಮತ್ತೆ ಬರುವ ರೋಗಿಯ ಮನಸ್ಸಿನ ಕಷ್ಟವನ್ನೂ ವಿಚಾರಿಸಬೇಕು ಎಂಬುದು ಹಳ್ಳಿಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಕಲಿಸಿದ ಪಾಠಗಳಲ್ಲೊಂದು.

ಓದು ಬರಹ ಇಲ್ಲದವರಿಗೆ ದುಃಖವನ್ನು ಬಾಯಿಬಿಟ್ಟು ಹೇಳಲು ಬಾರದು, ಅದಕ್ಕೇ ಮೈನೋವು ಎನ್ನುತ್ತಾರೆ ಎಂದು ಒಂದು ವಾದ ಬಹಳ ದಿನ ಚಲಾವಣೆಯಲ್ಲಿತ್ತು. ನನಗೆ ಅದು ಯಾವತ್ತೂ ಒಪ್ಪಿಗೆಯಾಗಿಲ್ಲ. ಅದಕ್ಕೆ ಕಾರಣ ಈ ಬೆಟ್ಟಕ್ಕೇ ಬಂದು ಹೋದ ಒಬ್ಬ ವ್ಯಕ್ತಿ.

ಡಬ್ಲ್ಯು. ಎಚ್. ಆರ್. ರಿವರ್ಸ್. ಕೇಂಬ್ರಿಡ್ಜಿನಲ್ಲಿ ಪಾಠ ಹೇಳುತ್ತಿದ್ದ ವೈದ್ಯ. 1901ರ ಕೊನೆಗೆ ನೀಲಗಿರಿಗೆ ಬಂದು ತೊದವ ಬುಡಕಟ್ಟಿನವರ ನಡುವೆ ಕೆಲವು ತಿಂಗಳು ಇದ್ದು, 1906ರಲ್ಲಿ ‘ದಿ ತೊಡಾಸ್’ ಎಂಬ ದಪ್ಪ ಪುಸ್ತಕ ಬರೆದರು. ತೊದವರ ಹಾಲುಮನೆ, ಎಮ್ಮೆ, ಮದುವೆ ಎಲ್ಲದರ ಜೊತೆ ಸಾವಿನ ಆಚರಣೆಯನ್ನೂ ವಿವರವಾಗಿ ಬರೆದಿದ್ದಾರೆ. ತೊದವರಲ್ಲಿ ಸಾವಾದಾಗ ಯಾರೂ ಒಂಟಿಯಾಗಿ ಮೂಲೆಯಲ್ಲಿ ಕುಳಿತು ಅಳುವುದಿಲ್ಲ. ಇಬ್ಬರಿಬ್ಬರು ಎದುರುಬದುರಾಗಿ ಕುಳಿತು ಹಣೆಗೆ ಹಣೆ ತಾಗಿಸಿಕೊಂಡು ಅಳುತ್ತಾರೆ. ಒಬ್ಬರ ಜೊತೆ ಅತ್ತಾದ ಮೇಲೆ ಎದ್ದು ಇನ್ನೊಬ್ಬರ ಹತ್ತಿರ ಹೋಗುತ್ತಾರೆ. ಅಳು ಬಂದವರ ಬಿಸಿ ಉಸಿರು, ಭುಜದ ಕುಲುಕು, ಹಣೆಯ ಒತ್ತಡ ಎಲ್ಲವೂ ಎದುರಿಗಿರುವವರ ಮೈಗೆ ತಿಳಿಯುತ್ತದೆ.

ಇಲ್ಲಿಂದ ಹೋದ ಮೇಲೆ 1903ರಲ್ಲಿ ರಿವರ್ಸ್ ಇನ್ನೊಂದು ಕೆಲಸ ಮಾಡಿದರು. ಹೆನ್ರಿ ಹೆಡ್ ಎಂಬ ನರವೈದ್ಯರು ತಮ್ಮ ತೋಳಿನ ನರವನ್ನು ತಾವೇ ಇಷ್ಟಪಟ್ಟು ಶಸ್ತ್ರವೈದ್ಯರಿಂದ ಕತ್ತರಿಸಿಸಿಕೊಂಡರು. ಅಲ್ಲಿ ಸ್ಪರ್ಶ, ಬಿಸಿ, ತಂಪು, ನೋವು ಒಂದೊಂದಾಗಿ ಹೇಗೆ ಮರಳುತ್ತದೆ ಎಂದು ರಿವರ್ಸ್ ವರ್ಷಗಟ್ಟಲೆ ಪರೀಕ್ಷಿಸಿ ಬರೆದಿಟ್ಟರು. ಆಮೇಲೆ ಮೊದಲ ಮಹಾಯುದ್ಧ. ಎಡಿನ್‌ಬರೋ ಹತ್ತಿರದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಶೆಲ್‌ಶಾಕ್ ಆದ ಸೇನಾಧಿಕಾರಿಗಳನ್ನು ನೋಡಿಕೊಳ್ಳುವ ಹೊಣೆ ಅವರಿಗೆ ಬಂತು. ಕವಿ ಸೀಗ್‌ಫ್ರೀಡ್ ಸಸೂನ್ 1917ರಲ್ಲಿ ಅವರ ಕೈಗೆ ಬಂದವನು. ಯುದ್ಧದಿಂದ ಮರಳಿದ ಸೈನಿಕರಲ್ಲಿ ಕೆಲವರ ಮಾತು ನಿಂತಿತ್ತು, ಕೆಲವರ ಕಾಲು ಬಿದ್ದುಹೋಗಿತ್ತು, ಕೆಲವರಿಗೆ ನಿಲ್ಲದ ನಡುಕ. ಬೇರೆ ಕಡೆ ಇಂಥವರ ಗಂಟಲಿಗೆ ವಿದ್ಯುತ್ ಶಾಕ್ ಕೊಟ್ಟು ಮಾತಾಡಿಸುವ ವೈದ್ಯರಿದ್ದರು. ಎಲ್ಲ ಮರೆತುಬಿಡು, ಬೇರೆ ಏನಾದರೂ ಯೋಚಿಸು ಎನ್ನುವುದು ಆಗಿನ ಸಾಮಾನ್ಯ ಉಪದೇಶ. ರಿವರ್ಸ್ ಹಾಗೆ ಮಾಡಲಿಲ್ಲ. ಕಂಡದ್ದನ್ನು ಒತ್ತಿಹಿಡಿದು ಇಟ್ಟುಕೊಂಡಷ್ಟೂ ಅದು ರಾತ್ರಿ ಕನಸಾಗಿ, ಹಗಲು ನಡುಕವಾಗಿ ಮರಳುತ್ತದೆ ಎಂದು 1918ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ತೊದವರ ಹಣೆಯಿಂದ ಅವರು ಇದನ್ನು ಕಲಿತರು ಎಂದು ಹೇಳಲು ನನ್ನ ಹತ್ತಿರ ಆಧಾರವಿಲ್ಲ, ಹೇಳುವುದೂ ಇಲ್ಲ. ಆದರೆ ಅಳುವವರನ್ನು ಇಷ್ಟು ಹತ್ತಿರದಿಂದ ನೋಡಿ ಬರೆದ ಮನುಷ್ಯನೇ ಆಮೇಲೆ ಅಳಲಾರದವರ ಹಾಸಿಗೆಯ ಪಕ್ಕ ಕುಳಿತನಲ್ಲ, ಅದು ನನ್ನನ್ನು ಬಿಡುವುದಿಲ್ಲ. ಮತ್ತೆ, ಅವರ ಕೈಗೆ ಬಂದ ಆ ಅಧಿಕಾರಿಗಳಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜಿನಲ್ಲಿ ಓದಿದವರೂ ಇದ್ದರು. ಓದಿದ ಮಾತ್ರಕ್ಕೆ ಮೈ ಸುಮ್ಮನಾಗುವುದಿಲ್ಲ.

ಈಗ ಸೊಮ್ಯಾಟಿಕ್ ಥೆರಪಿ ಎಂಬ ಹೆಸರು ಬೆಂಗಳೂರಿನಲ್ಲಿಯೂ ಕೇಳಿಬರುತ್ತಿದೆ. ಮಾತಿನಿಂದಲ್ಲ, ಮೈಯಿಂದ ಶುರುಮಾಡುವ ಚಿಕಿತ್ಸೆ ಅದು. ಪಾದ ನೆಲಕ್ಕೆ ತಾಗಿದೆಯೇ, ಉಸಿರು ಎಲ್ಲಿಯವರೆಗೆ ಇಳಿಯುತ್ತಿದೆ, ದವಡೆ ಬಿಗಿದಿದೆಯೇ, ಆ ಭಯ ಹೊಟ್ಟೆಯಲ್ಲೋ ಗಂಟಲಲ್ಲೋ ಎಂದು ಕೇಳುತ್ತಾರೆ. ಬೇರು ಹುಡುಕಿದರೆ ವಿಲ್ಹೆಲ್ಮ್ ರೈಖ್‌ವರೆಗೆ ಹೋಗುತ್ತದೆ. ಮನುಷ್ಯ ತನ್ನ ಭಾವನೆಯನ್ನು ತಡೆಯಲು ಸ್ನಾಯುಗಳನ್ನೇ ಕವಚ ಮಾಡಿಕೊಳ್ಳುತ್ತಾನೆ ಎಂದವರು ಅವರು. ಇತ್ತೀಚಿನದೆಂದರೆ ಪೀಟರ್ ಲೆವಿನ್ ಅವರ 1997ರ ‘ವೇಕಿಂಗ್ ದಿ ಟೈಗರ್’, ಬೆಸೆಲ್ ವ್ಯಾನ್ ಡರ್ ಕೋಲ್ಕ್ ಅವರ 2014ರ ‘ದಿ ಬಾಡಿ ಕೀಪ್ಸ್ ದಿ ಸ್ಕೋರ್’. ಅಪಾಯದಿಂದ ಪಾರಾದ ಕಾಡುಪ್ರಾಣಿ ನಡುಗಿ ಆ ಬಿಗಿಯನ್ನು ಕಳೆದುಕೊಳ್ಳುತ್ತದೆ, ಮನುಷ್ಯ ಆ ನಡುಕವನ್ನು ತಡೆದು ಒಳಗೇ ಉಳಿಸಿಕೊಳ್ಳುತ್ತಾನೆ ಎಂಬುದು ಲೆವಿನ್ ಅವರ ವಾದ.

ಕಟ್ಟಬೆಟ್ಟಿನ ಸುತ್ತ ಈ ನಡುಕವನ್ನು ಬಲ್ಲವರು ಬೇಕಾದಷ್ಟು ಜನ. ಕಾಟಿಗಳು ಚಹಾ ತೋಟಕ್ಕೇ ಬರುತ್ತವೆ, ಕರಡಿಯೂ ಬರುತ್ತದೆ. ಎಲೆ ಕೀಳುತ್ತಿದ್ದ ಹೆಂಗಸಿಗೆ ಗಿಡದ ಸಾಲು ತಿರುಗಿದೊಡನೆ ಕಾಟಿ ಎದುರಾಯಿತು ಎಂದಿಟ್ಟುಕೊಳ್ಳಿ. ಅದು ಮೂಸಿ, ನೋಡಿ, ತನ್ನ ದಾರಿ ಹಿಡಿದು ಹೋಗುತ್ತದೆ. ಇವಳ ಕಾಲು ಆಮೇಲೆ ನಡುಗುತ್ತದೆ. ಜೊತೆಯವರು ಎಲೆಯ ಚೀಲ ಇಳಿಸಿ ಅವಳನ್ನು ಕೂರಿಸುತ್ತಾರೆ, ಬೆನ್ನು ನೀವುತ್ತಾರೆ, ನೀರು ಕುಡಿಸುತ್ತಾರೆ. ನಡುಗಬೇಡ ಎಂದು ಯಾರೂ ಗದರುವುದಿಲ್ಲ. ಸಂಜೆಯೊಳಗೆ ಅವಳು ಆ ಕಥೆಯನ್ನು ಕಂಡವರಿಗೆಲ್ಲ ಹೇಳಿರುತ್ತಾಳೆ, ಪ್ರತಿ ಸಲವೂ ಕಾಟಿಯ ಕೊಂಬು ಇಷ್ಟಗಲ ಎಂದು ಕೈ ಚಾಚಿ ತೋರಿಸಿರುತ್ತಾಳೆ. ಮಾರನೆಯ ದಿನ ಅದೇ ತೋಟಕ್ಕೆ ಹೋಗುತ್ತಾಳೆ, ಒಬ್ಬಳೇ ಅಲ್ಲ.

ಇದರ ಹಿಂದಿನ ಶರೀರಶಾಸ್ತ್ರ ಅಷ್ಟೇನೂ ಗುಟ್ಟಿನದಲ್ಲ. 1884ರಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್, ನಾವು ದುಃಖವಾಗಿ ಅಳುವುದಿಲ್ಲ, ಅಳುವುದರಿಂದ ದುಃಖ ತಿಳಿಯುತ್ತದೆ ಎಂದು ವಾದಿಸಿದಾಗ ಜನ ಬೆರಗಾದರು. ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಮುಂದೆ ಅದಕ್ಕೆ ಬಲವಾದ ಆಕ್ಷೇಪ ಎತ್ತಿದರು. ಇಬ್ಬರ ಮಾತಿನಲ್ಲೂ ಸತ್ಯದ ಪಾಲು ಇತ್ತು. ಮಿದುಳಿನಿಂದ ಗಂಟಲು, ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ತಂತುಗಳಲ್ಲಿ ಸುಮಾರು ಶೇ 80ರಷ್ಟು, ಮೈಯ ಸುದ್ದಿಯನ್ನು ಮಿದುಳಿಗೆ ಒಯ್ಯುವಂಥವು. ಅಪ್ಪಣೆ ಇಳಿಯುವುದಕ್ಕಿಂತ ಅಹವಾಲು ಏರುವುದೇ ಹೆಚ್ಚು. 1990ರಲ್ಲಿ ಜಪಾನಿನ ವೈದ್ಯರು ತಕೋತ್ಸುಬೊ ಎಂಬ ಹೃದಯದ ಕಾಯಿಲೆಯನ್ನು ವಿವರಿಸಿದರು. ಆಘಾತದ ಸುದ್ದಿ ಕೇಳಿದವರಲ್ಲಿ, ಹೆಚ್ಚಾಗಿ ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ, ರಕ್ತನಾಳ ಕಟ್ಟಿಕೊಳ್ಳದೆಯೂ ಹೃದಯದ ಒಂದು ಭಾಗ ಉಬ್ಬಿ ಸೋಲುತ್ತದೆ. ಎದೆ ಒಡೆದು ಸತ್ತಳು ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಸಾವುಗಳಲ್ಲಿ ಕೆಲವಾದರೂ ಇವೇ ಇದ್ದಿರಬೇಕು.

ನನಗೆ ತುಂಬ ಇಷ್ಟವಾದದ್ದು ಇಟಲಿಯ ಲೂಚಿಯಾನೊ ಬರ್ನಾರ್ದಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಅಧ್ಯಯನ. 23 ಜನರಿಂದ ಲ್ಯಾಟಿನ್ ಭಾಷೆಯ ಜಪಮಾಲೆಯ ಪ್ರಾರ್ಥನೆಯನ್ನೂ ಒಂದು ಯೋಗಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ತಾನಾಗಿ ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿಯಿತು; ಹೃದಯ ಬಡಿತ, ರಕ್ತದೊತ್ತಡಗಳ ಏರಿಳಿತ ಆ ಲಯಕ್ಕೆ ಹೊಂದಿಕೊಂಡಿತು. ಯಾವ ದೇವರು, ಯಾವ ಭಾಷೆ ಎಂಬುದು ಹೃದಯಕ್ಕೆ ಬೇಕಾಗಲಿಲ್ಲ, ಉಸಿರಿನ ಉದ್ದ ಬೇಕಾಯಿತು.

ಇದನ್ನು ಓದಿದಾಗ ನೆನಪಾದದ್ದು ಬಡಗರ ಸಾವಿನ ಮನೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಅದನ್ನು ವಿವರಿಸಿದ್ದಾರೆ, ಆಮೇಲೆ ಪಾಲ್ ಹಾಕಿಂಗ್ಸ್ ಬಡಗರ ಬದುಕು, ಔಷಧ, ಗಾದೆ, ಪ್ರಾರ್ಥನೆಗಳ ಮೇಲೆ ಪುಸ್ತಕದ ಮೇಲೆ ಪುಸ್ತಕ ಬರೆದಿದ್ದಾರೆ. ಜೀವ ಹೋಗುವ ಹೊತ್ತಿಗೆ ಬಾಯಿಗೆ ತುಪ್ಪದಲ್ಲಿ ಅದ್ದಿದ ಪುಟ್ಟ ಚಿನ್ನದ ಹಣ. ಬಟ್ಟೆ ಸುತ್ತಿ ಅಂತಸ್ತು ಅಂತಸ್ತಾಗಿ ಎತ್ತರಿಸಿದ ತೇರು. ನೆರೆಯ ಕೋತ ಬುಡಕಟ್ಟಿನವರ ಕೊಳಲು, ಡೋಲು. ಅದರ ಸುತ್ತ ಗಂಡಸರ ಕುಣಿತ. ಹೆಂಗಸರು ಶವದ ಸುತ್ತ ಕುಳಿತು ಸತ್ತವರ ಗುಣ, ಕಷ್ಟ, ನಡೆದ ದಾರಿ ಎಲ್ಲ ಹೇಳಿಕೊಂಡು ಅಳುತ್ತಿದ್ದರು. ಆಮೇಲೆ ಕರು ಹರಿಸುವುದು. ಒಬ್ಬ ಹಿರಿಯ ನಿಂತು, ಸತ್ತವರಿಂದ ಬದುಕಿನಲ್ಲಿ ಆಗಿರಬಹುದಾದ ತಪ್ಪುಗಳನ್ನು ಒಂದೊಂದಾಗಿ ದೊಡ್ಡ ದನಿಯಲ್ಲಿ ಹೇಳುತ್ತಾನೆ. ಹಾವು, ಹಲ್ಲಿಯಂಥ ಜೀವಕ್ಕೆ ಮಾಡಿದ ಕೇಡು, ನೆರೆಯವರ ಮೇಲಿನ ಹೊಟ್ಟೆಕಿಚ್ಚು, ದಾರಿಯಲ್ಲಿ ಮುಳ್ಳು ಹಾಕಿದ್ದು. ಪ್ರತಿಯೊಂದಕ್ಕೂ ನೆರೆದವರೆಲ್ಲ ಒಟ್ಟಿಗೆ ಅದು ಪಾಪವೆಂದು ದನಿಗೂಡಿಸುತ್ತಾರೆ. ಪಟ್ಟಿ ಬಲು ಉದ್ದ. ಕೊನೆಗೆ ಆ ಭಾರವನ್ನೆಲ್ಲ ಹೊತ್ತ ಕರು ಕಾಡಿನ ಕಡೆ ಹೋಗುತ್ತಿತ್ತು.

ಇದನ್ನು ಧರ್ಮದ ಕಣ್ಣಿನಿಂದ ನೋಡಿ ಬರೆದವರು ಬೇಕಾದಷ್ಟು ಜನ. ನನ್ನ ಗಮನ ಹೋಗುವುದು ಅಲ್ಲಿ ನಿಂತವರ ಎದೆಗೂಡಿನ ಕಡೆ. ಒಬ್ಬ ಹೇಳುತ್ತಾನೆ, ನೂರಾರು ಜನ ಒಂದೇ ಉಸಿರಿನಲ್ಲಿ ಒಪ್ಪಿಕೊಳ್ಳುತ್ತಾರೆ, ಮತ್ತೆ ಉಸಿರು ಎಳೆದುಕೊಳ್ಳುತ್ತಾರೆ. ಗಂಡನನ್ನು ಕಳೆದುಕೊಂಡವಳ ಉಸಿರು ಆ ನೂರಾರು ಉಸಿರುಗಳ ನಡುವೆ ಇದೆ. ಅವಳು ತಪ್ಪಿದರೂ ಲಯ ತಪ್ಪುವುದಿಲ್ಲ, ಮುಂದಿನ ಸಾಲಿಗೆ ಅವಳು ಮತ್ತೆ ಸೇರಿಕೊಳ್ಳಬಹುದು. ಇನ್ನೊಂದು ಸಂಗತಿಯೂ ಇದೆ. ಸತ್ತವನ ಬಗ್ಗೆ ಹೆಂಡತಿಗೆ ಸಿಟ್ಟಿದ್ದರೆ, ಮಗನಿಗೆ ಬಾಯಿಬಿಟ್ಟು ಹೇಳಲಾರದ ನೋವಿದ್ದರೆ, ಆ ಪಟ್ಟಿಯಲ್ಲಿ ಅದೂ ಎಲ್ಲೋ ಒಂದು ಕಡೆ ಬಂದುಹೋಗುತ್ತದೆ. ಯಾರ ಹೆಸರನ್ನೂ ಎತ್ತದೆ ಇಡೀ ಊರೇ ಹೌದು ಎನ್ನುತ್ತದೆ. ಸೊಮ್ಯಾಟಿಕ್ ಚಿಕಿತ್ಸಕರು ಉಸಿರು, ದನಿ, ಲಯ, ಸ್ಪರ್ಶ, ಸುರಕ್ಷಿತ ಸಂಗಾತ ಎಂದು ಬಿಡಿಬಿಡಿಯಾಗಿ ಕಲಿಸುವುದು ಇಲ್ಲಿ ಒಂದೇ ಮಧ್ಯಾಹ್ನದಲ್ಲಿ ಒಟ್ಟಿಗೆ ನಡೆಯುತ್ತಿತ್ತು. ಬಡಗರ ದಿನನಿತ್ಯದ ವಂದನೆಯೂ ಹಾಗೆಯೇ: ಕಿರಿಯರು ಬಾಗುತ್ತಾರೆ, ಹಿರಿಯರು ತಲೆಯ ಮೇಲೆ ಅಂಗೈ ಇಟ್ಟು ಹರಸುತ್ತಾರೆ. ಹೆತ್ತೆಯ ಅಂಗೈ ನನ್ನ ತಲೆಯ ಮೇಲೆ ಬಂದಾಗ ಅದು ಬೇಗ ಹಿಂದಕ್ಕೆ ಹೋಗುವುದಿಲ್ಲ. ಹರಕೆಯ ಮಾತು ಮುಗಿಯುವವರೆಗೂ ಅಲ್ಲಿಯೇ ಇರುತ್ತದೆ.

ಈ ಬೆಟ್ಟಕ್ಕೆ ಗುಣವಾಗಲೆಂದು ಬಂದವರ ಕಥೆಯೇ ಬೇರೆ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸುಲ್ಲಿವನ್ 1819ರಲ್ಲಿ ಹತ್ತಿ ಬಂದು ಕೋಟಗಿರಿ ಪಕ್ಕದ ಕನ್ನೇರಿಮುಕ್ಕಿನಲ್ಲಿ ಮನೆ ಕಟ್ಟಿಸಿದಾಗಿನಿಂದ, ಜ್ವರದಿಂದ ಸೊರಗಿದ ಇಂಗ್ಲಿಷರಿಗೆ ನೀಲಗಿರಿಯ ಗಾಳಿಯೇ ಔಷಧ ಎಂಬ ಮಾತು ಹಬ್ಬಿತು. ಅದೇ ಸುಲ್ಲಿವನ್‌ನ ಹೆಂಡತಿ ಮತ್ತು ಮಗಳ ಸಮಾಧಿ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನಲ್ಲಿದೆ. ಗಾಳಿ ಒಳ್ಳೆಯದೇ, ಅದೊಂದೇ ಸಾಲದು.

ಗಾಳಿ ಸಾಲದು, ಉಸಿರಾಟದ ಅಭ್ಯಾಸವೂ ಸಾಲದು ಎಂಬ ಜಾಗಗಳಿವೆ. ಇದನ್ನು ಒತ್ತಿ ಹೇಳದೆ ಮೈ–ಮನಸ್ಸಿನ ಮಾತಾಡುವುದು ಸರಿಯಲ್ಲ. 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ಇದೇ ನೀಲಗಿರಿಯ ಆದಿವಾಸಿಗಳ ರಕ್ತದಲ್ಲಿ ಕುಡಗೋಲು ಕಣ ಕಂಡರು. ದಕ್ಷಿಣ ಭಾರತದಲ್ಲಿ ಸಿಕಲ್‌ಸೆಲ್ ಕಂಡದ್ದು ಅದೇ ಮೊದಲು. ಆ ಕಾಯಿಲೆಯ ನೋವು ಎಲುಬಿನೊಳಗಿನದು, ಹೊರಗೆ ಗಾಯವಿಲ್ಲ, ಊತವೂ ಕಾಣದೆ ಇರಬಹುದು. ಈ ಕಾಯಿಲೆ ಇರುವ ಹುಡುಗಿಗೆ ಶಾಲೆಗೆ ಹೋಗಲು ಸೋಮಾರಿತನ ಎಂದವರೂ, ಮನಸ್ಸಿನ ಕಲ್ಪನೆ ಎಂದವರೂ ಎಷ್ಟು ಜನವೋ. ಬೇಕಾದದ್ದು ರಕ್ತ ಪರೀಕ್ಷೆ, ನೀರು, ನೋವಿನ ಔಷಧ, ಹೈಡ್ರಾಕ್ಸಿಯೂರಿಯಾ. ಗೂಡಲೂರಿನ ಆದಿವಾಸಿ ಆಸ್ಪತ್ರೆ ಇದನ್ನು ವರ್ಷಗಳಿಂದ ಮಾಡಿಕೊಂಡು ಬಂದಿದೆ. 2023ರಲ್ಲಿ ಕೇಂದ್ರ ಸರ್ಕಾರದ ಸಿಕಲ್‌ಸೆಲ್ ಅಭಿಯಾನವೂ ಶುರುವಾಯಿತು. ಮನಸ್ಸಿನ ಸಂಕಟವನ್ನು ಏನೂ ಇಲ್ಲ ಎನ್ನುವುದೂ, ರಕ್ತದ ಕಾಯಿಲೆಯನ್ನು ಮನಸ್ಸಿನದು ಎನ್ನುವುದೂ ಒಂದೇ ತಪ್ಪು. ಎರಡರಲ್ಲೂ ನೋಯುವವರ ಮಾತನ್ನು ನಂಬಲಿಲ್ಲ.

ಹಾಗೆಯೇ ಚಹಾ ಎಲೆಯ ಬೆಲೆ. 2023ರಲ್ಲಿ ಕೋಟಗಿರಿ ಕಡೆಯ ಸಣ್ಣ ಬೆಳೆಗಾರರು ಹಸಿ ಎಲೆಗೆ ಕನಿಷ್ಠ ಬೆಲೆ ಬೇಕೆಂದು ಉಪವಾಸ ಕುಳಿತರು. ಅವರ ಎದೆಯುರಿಗೆ ಮೊದಲು ಬೇಕಾದದ್ದು ಬೆಲೆ. ಇನ್ನು ತೋಟಗಳಲ್ಲಿ ದುಡಿಯುವ ತಮಿಳರಲ್ಲಿ ಬಹಳ ಮಂದಿ 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಮೇಲೆ ಸಿಂಹಳದಿಂದ ಬಂದವರು, ಅವರ ಮಕ್ಕಳು. ಹುಟ್ಟಿದ ಊರು ಬಿಟ್ಟು, ಕಂಡರಿಯದ ಊರಿಗೆ ಸ್ವದೇಶ ಎಂಬ ಹೆಸರಿನಲ್ಲಿ ಬಂದಿಳಿದವರು. ಅವರ ತಲೆನೋವಿಗೆ ಅವರದೇ ಇತಿಹಾಸವಿದೆ. ಜಾಫ್ನಾದ ಮನೋವೈದ್ಯ ದಯಾ ಸೋಮಸುಂದರಂ ಅಲ್ಲಿಯ ಯುದ್ಧದಲ್ಲಿ ಬೆಂದ ತಮಿಳರ ಬಗ್ಗೆ 1998ರಲ್ಲಿ ‘ಸ್ಕಾರ್ಡ್ ಮೈಂಡ್ಸ್’ ಬರೆದರು. ಅವರಲ್ಲಿಗೆ ಬಂದವರೂ ಮೈಯ ನೋವನ್ನೇ ಹೇಳುತ್ತಿದ್ದರು. ಜಪ, ಶಾಂತಿಯಾಸನ ಎಂದು ಜನರಿಗೆ ಗೊತ್ತಿದ್ದ ಅಭ್ಯಾಸಗಳನ್ನೇ ಅವರು ಚಿಕಿತ್ಸೆಗೆ ತಂದುಕೊಂಡರು; ಒಪ್ಪಾರಿ ಎಂಬ ಶೋಕದ ಹಾಡು ಹೇಳಿ ಅಳುವುದರ ಬೆಲೆಯನ್ನೂ ಗುರುತಿಸಿದರು.

ಸೊಮ್ಯಾಟಿಕ್ ಥೆರಪಿಯ ಫಲದ ಬಗ್ಗೆ ಹೇಳುವುದಾದರೆ, ಲೆವಿನ್ ಪದ್ಧತಿಯನ್ನು 2017ರಲ್ಲಿ ಇಸ್ರೇಲಿನಲ್ಲಿ 63 ಜನರ ಮೇಲೆ ಪರೀಕ್ಷಿಸಿದಾಗ, ಚಿಕಿತ್ಸೆಗೆ ಕಾದಿದ್ದವರಿಗಿಂತ ಪಡೆದವರು ಚೇತರಿಸಿಕೊಂಡರು. ಒಳ್ಳೆಯ ಆರಂಭ, ಆದರೆ ಸಣ್ಣದು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಆಘಾತಕ್ಕೆ ಶಿಫಾರಸು ಮಾಡಿದ್ದು ಬೇರೆ ಪದ್ಧತಿಗಳನ್ನು. ಈ ಚಿಕಿತ್ಸೆಯಿಂದ ಥೈರಾಯ್ಡೂ ಕ್ಯಾನ್ಸರೂ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಹತ್ತಿರ ಹೋಗಬೇಡಿ.

ಹೆತ್ತೆಯ ಮೊಮ್ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಅಜ್ಜ ಸತ್ತಾಗ ಮಧ್ಯಾಹ್ನ ಬಂದು ರಾತ್ರಿಯ ಬಸ್ಸಿಗೇ ಹಿಂದಿರುಗಿದಳು. ರಜೆ ಅಷ್ಟೇ ಇತ್ತು. ಆಮೇಲೆ ಲಿಫ್ಟಿನಲ್ಲಿ, ಮೀಟಿಂಗಿನಲ್ಲಿ ಉಸಿರು ಕಟ್ಟತೊಡಗಿತು. ಡಾಕ್ಟರು ಹಿಮೋಗ್ಲೋಬಿನ್, ಥೈರಾಯ್ಡ್, ಹೃದಯ ಎಲ್ಲ ನೋಡಿ, ನಿನಗೆ ಆಗುತ್ತಿರುವುದು ನಿಜ, ಅದಕ್ಕೆ ಬೇರೆ ದಾರಿ ಇದೆ ಎಂದು ಒಬ್ಬ ಚಿಕಿತ್ಸಕಿಯ ಹತ್ತಿರ ಕಳಿಸಿದರು. ಅಲ್ಲಿ ಅವಳು ಮೊದಮೊದಲು ಪಾದ ನೆಲಕ್ಕೆ ಊರಿ ಕೂರುವುದನ್ನು ಬಿಟ್ಟು ಹೆಚ್ಚೇನೂ ಮಾಡಲಿಲ್ಲವಂತೆ. ಒಂದು ದಿನ ಅಜ್ಜನ ಮಾತು ಬಂದಾಗ ಭುಜ ನಡುಗಿತು, ಚಿಕಿತ್ಸಕಿ ತಡೆಯಲಿಲ್ಲ. ನಿಮ್ಮಲ್ಲಿ ಇಂಥ ಹೊತ್ತಿನಲ್ಲಿ ಜನ ಏನು ಮಾಡುತ್ತಾರೆ ಎಂದು ಕೇಳಿದರು. ಇವಳಿಗೆ ಹೇಳಲು ಅರ್ಧವಷ್ಟೇ ಗೊತ್ತಿತ್ತು. ಆ ರಾತ್ರಿ ಹೆತ್ತೆಗೆ ಫೋನು ಮಾಡಿ ಉಳಿದರ್ಧ ಕೇಳಿಕೊಂಡಳು. ಗಂಡ ಸತ್ತ ದಿನದ ಕಥೆಯನ್ನು ಹೆತ್ತೆ ಮೊದಲಿಂದ ಕೊನೆಯವರೆಗೆ ಹೇಳಿದ್ದು ಅದೇ ಮೊದಲು. ಈಗ ಭಾನುವಾರಗಳಲ್ಲಿ ಇಬ್ಬರೂ ಬಹಳ ಹೊತ್ತು ಮಾತಾಡುತ್ತಾರೆ, ಕೆಲವು ಸಲ ಅಳುತ್ತಾರೆ. ಎದೆಯ ಮೇಲೆ ಕೂರುವವರು ಈಗ ದಿನವೂ ಬರುವುದಿಲ್ಲ ಎಂದು ಹೆತ್ತೆ ನನಗೆ ಹೇಳಿದರು. ಬರುವ ಹೆತ್ತೈ ಹಬ್ಬಕ್ಕೆ, ಬಡಗರ ಕುಲದೇವತೆಯ ಹಬ್ಬಕ್ಕೆ, ಮೊಮ್ಮಗಳು ವಾರದ ರಜೆ ಹಾಕಿದ್ದಾಳೆ. ಬಿಳಿ ಮುಂಡು ಉಟ್ಟು ಬೆರಗಣಿಯ ಹೆತ್ತೈ ಗುಡಿಗೆ ಎಲ್ಲರ ಜೊತೆ ನಡೆದೇ ಹೋಗುತ್ತಾಳಂತೆ. ಆ ವಾರದ ಭೇಟಿಯನ್ನು ಚಿಕಿತ್ಸಕಿಯೇ ಮುಂದಕ್ಕೆ ಹಾಕಿದ್ದಾರೆ.